ಅರಿಶಿನದ ಎಳೆ

“ಅಯೋಡಿನ್ನು,” ಅಂದರು ಡಾಕ್ಟರ್ ಚಲುವನಾರಾಯಣ. “ಆಪರೇಷನ್ ಮೇಜಿನ ಮೇಲೆ ಅಯೋಡಿನ್ ತಾಗದೆ ಉಳಿಯೋ ವಸ್ತು ಯಾವುದಿದೆ, ನೀವೇ ಹೇಳಿ.”

ಸರ್ಕಲ್ ಇನ್‌ಸ್ಪೆಕ್ಟರ್ ದೇವಯ್ಯ ಗಾಜಿನ ಕೊಳವೆಯಿಂದ ಚಿಮಟದಲ್ಲಿ ಎತ್ತಿದ ದಾರದ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಲೇ ಇದ್ದ. ಗೇಣುದ್ದದ ದಾರ, ಬಣ್ಣ ಹಳದಿ. ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರೆ ಒಣ ಶ್ಯಾವಿಗೆಯ ಹಾಗೆ ತುಂಡಾಗುತ್ತಿತ್ತು.

ಇದೇ ದಾರದ ಮಿಕ್ಕ ಭಾಗ ರಂಗನಾಯಕಿಯ ಹೊಟ್ಟೆಯೊಳಗೆ ಹೊಲಿಗೆಯಾಗಿ ಕೂತು, ಹೆರಿಗೆಯಾದ ವಾರ ತುಂಬುವ ಮೊದಲೇ ಬಿಟ್ಟುಕೊಂಡು, ಆ ಹುಡುಗಿಯ ಪ್ರಾಣ ತೆಗೆದಿತ್ತು. ದಾರ ಮಾಡಿದ ಗಂಡ ಸಂಪತ್ ಕುಮಾರ ಮದ್ದೂರಿನ ಲಾಕಪ್ಪಿನಲ್ಲಿದ್ದ. ಮಗಳನ್ನು ಮೊಲದ ಹಾಗೆ ಪರೀಕ್ಷೆಗೆ ಬಳಸಿ ಕೊಂದ ಎಂದು ದೂರು ಕೊಟ್ಟವರು ಹುಡುಗಿಯ ತಾಯಿ ಪಂಕಜಮ್ಮ.

“ಹೊಲಿಯೋ ಹೊತ್ತಲ್ಲಿ ಇದು ಹಳದಿಯಾಗೇ ಇತ್ತಾ?” ದೇವಯ್ಯ ಕೇಳಿದ.

“ಇತ್ತು. ಕಬ್ಬಿನಿಂದ ಮಾಡಿದ ದಾರ ಅಲ್ವಾ, ಬೆಲ್ಲದ ಬಣ್ಣ ಇರಬೇಕು ಅಂದ್ಕೊಂಡೆ.”

“ಆವತ್ತು ಬೆಲ್ಲ ಅಂದ್ಕೊಂಡ್ರಿ. ಇವತ್ತು ಅಯೋಡಿನ್ ಅಂತೀರಿ.”

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಮಳವಳ್ಳಿಯಲ್ಲಿ ಸ್ವಂತ ಆಸ್ಪತ್ರೆ ಇಟ್ಟುಕೊಂಡ ಮನುಷ್ಯ, ಎದುರು ಮಾತು ಕೇಳಿ ಅಭ್ಯಾಸವಿಲ್ಲ. “ಮಗು ಅಡ್ಡ ತಿರುಗಿತ್ತು ಇನ್‌ಸ್ಪೆಕ್ಟ್ರೇ. ಬಣ್ಣ ನೋಡ್ತಾ ಕೂರೋಕೆ ಪುರುಸೊತ್ತಿರಲಿಲ್ಲ. ಗಂಟು ಹಾಕಿದಾಗ ಗಂಟು ನಿಂತಿತು, ನನಗೆ ಅಷ್ಟು ಸಾಕಾಗಿತ್ತು.”

ದೇವಯ್ಯ ಜೇಬಿನಿಂದ ಎಲೆಯಡಿಕೆಯ ಡಬ್ಬಿ ತೆಗೆದ. ಡಾಕ್ಟರ ಮುಖ ಗಂಟಾಯಿತು. ಅವನು ಎಲೆ ಮುಟ್ಟಲಿಲ್ಲ, ಅಡಿಕೆಯನ್ನೂ ಮುಟ್ಟಲಿಲ್ಲ. ಸುಣ್ಣದ ಕರಂಡಕದಿಂದ ಕಿರುಬೆರಳ ತುದಿಗೆ ಒಂದಿಷ್ಟು ಸುಣ್ಣ ತೆಗೆದ.

“ಮೊದಲು ಹತ್ತಿಗೆ ಸ್ವಲ್ಪ ನಿಮ್ಮ ಅಯೋಡಿನ್ ಹಾಕಿ ಕೊಡಿ.”

ಡಾಕ್ಟರು ಹಾಕಿ ಕೊಟ್ಟರು. ದೇವಯ್ಯ ಅದರ ಮೇಲೆ ಸುಣ್ಣ ಉಜ್ಜಿದ. ಕಂದು ಕಲೆ ಬೆಳ್ಳಗಾಗುತ್ತಾ ಬಂತು. ಆಮೇಲೆ ಹಳದಿ ದಾರದ ತುದಿಗೆ ಒಂದು ಹನಿ ನೀರು ಬಿಟ್ಟು, ಅದೇ ಸುಣ್ಣ ತಾಗಿಸಿದ.

ದಾರ ಕೆಂಪಾಯಿತು.

ಯಾವ ಮನೆಯಲ್ಲೂ ಯಾರಿಗೂ ಹೇಳಿಕೊಡಬೇಕಾಗಿಲ್ಲದ ಕೆಂಪು ಅದು. ಅರಿಶಿನಕ್ಕೆ ಸುಣ್ಣ ಕಲಸಿದರೆ ಆರತಿಯ ನೀರು. ಮದುಮಗಳಾಗಿ ಹೊಸಿಲಲ್ಲಿ ನಿಂತಾಗ ರಂಗನಾಯಕಿಗೆ ಎತ್ತಿದ್ದೂ ಇದೇ ನೀರನ್ನೇ. ಡಾಕ್ಟರು ಅಯೋಡಿನ್ ಸೀಸೆಗೆ ಬಿರಡೆ ಹಾಕಿ ಪಕ್ಕಕ್ಕಿಟ್ಟರು.

“ಅರಿಶಿನ ಹಚ್ಚೋಕೆ ದಾರಾನ ನೀರಲ್ಲಿ ಅದ್ದಿರಬೇಕು,” ದೇವಯ್ಯ ಅಂದ. “ನೀರು ತಾಗಿದ್ರೆ ಏನಾಗುತ್ತೆ ಇದಕ್ಕೆ?”

“ಸಂಪತ್ತು ನನಗೆ ಸಾವಿರ ಸಲ ಹೇಳಿದ್ದ. ಮೊಸರಲ್ಲಿರೋ ಹುಳಿ ಇದೆಯಲ್ಲ, ಕಬ್ಬಿನ ಹಾಲು ಹುದುಗಿಸಿ ಅದನ್ನೇ ತೆಗೀತಾನೆ. ಆ ಹುಳೀನ ಕಾಯಿಸಿ ಕಾಯಿಸಿ ಅಂಟು ಮಾಡಿ, ಅಂಟನ್ನ ಎಳೆದು ದಾರ ಮಾಡ್ತಾನೆ. ಮೈಯೊಳಗಿನ ನೀರಲ್ಲಿ, ಮೈಯ ಬಿಸಿಗೆ ಅದು ನಿಧಾನವಾಗಿ ಬಿಚ್ಚಿಕೊಂಡು ಮತ್ತೆ ಹುಳಿಯಾಗಿ ಕರಗಿಹೋಗಬೇಕು. ಹೊಲಿಗೆ ಬಿಚ್ಚೋ ಕೆಲಸವೇ ಇಲ್ಲ. ಒಳಗೆ ಕರಗಬೇಕಾದ್ದು ಹೊರಗೇ ಕರಗೋಕೆ ಶುರುವಾದ್ರೆ…”

“ಕೊಳವೆ ನಿಮ್ಮ ಕೈಗೆ ಕೊಟ್ಟೋರು ಯಾರು?”

“ಪಂಕಜಮ್ಮ. ಸೆರಗಲ್ಲಿ ಸುತ್ತಿ ತಂದಿದ್ರು.”

ದೇವಯ್ಯ ಟೋಪಿ ಎತ್ತಿಕೊಂಡ.

ಕೊಳವೆಯ ಬಿರಡೆಯನ್ನು ಅವನು ಮೊದಲೇ ನೋಡಿದ್ದ. ಸಂಪತ್ ಕುಮಾರ ಬಿರಡೆಯ ಸುತ್ತ ಕೆಂಪು ಅರಗು ಸುರಿಯುತ್ತಿದ್ದ. ಆ ಅರಗು ಒಡೆದು, ಮೇಲೆ ಯಾರೋ ಬಿಳಿ ಮೇಣ ಮೆತ್ತಿದ್ದರು. ಕಳ್ಳಗೈ ಆಡಿದೆ ಎಂಬುದಕ್ಕೆ ಮೇಲಧಿಕಾರಿಗಳಿಗೆ ಅಷ್ಟೇ ಸಾಕಾಗಿತ್ತು. ನಾಳೆ ಮ್ಯಾಜಿಸ್ಟ್ರೇಟರ ಮುಂದೆ ಇದನ್ನು ಕೊಲೆ ಕೇಸು ಮಾಡಿ ಎಂದು ಅಪ್ಪಣೆಯಾಗಿತ್ತು. ಸಂಪತ್ತನೂ ಕೊಳವೆಯ ಅರಗು ಒಡೆದವನು ನಾನೇ ಎಂದು ಒಪ್ಪಿಕೊಂಡು, ಜಾಮೀನೂ ಬೇಡವೆಂದು ಕೂತಿದ್ದ.

ನಿನ್ನೆಯವರೆಗೂ ದೇವಯ್ಯನ ಕಣ್ಣು ಮಹದೇವಯ್ಯನ ಮೇಲಿತ್ತು. ಗೆಜ್ಜಲಗೆರೆಯಲ್ಲಿ ದಾರ ಮಾಡುವ ಶೆಡ್ಡಿನಲ್ಲಿ ಸಂಪತ್ತನ ಸಹಾಯಕನಾಗಿದ್ದು, ಜಗಳವಾಡಿ ಕೆಲಸ ಬಿಟ್ಟುಹೋದವನು. ಬಾಯಿ ತೆರೆದರೆ ಸಂಪತ್ತನಿಗೆ ಶಾಪ ಹಾಕುವವನು. ಅವನೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ದೇವಯ್ಯನಿಗೆ ಈಗ ಮನಸ್ಸಾರೆ ಅನಿಸಿತು. ಹಗೆ ಸಾಧಿಸುವವನು ಆಸಿಡ್ ಹಾಕುತ್ತಾನೆ, ಬೆಂಕಿ ಹಾಕುತ್ತಾನೆ. ಅರಿಶಿನ ಹಚ್ಚುವುದಿಲ್ಲ.

ದೇವಯ್ಯ ತನ್ನೂರು ದುದ್ದದ ಮನೆಯಿಂದ ಮೊದಲ ದಿನ ಡ್ಯೂಟಿಗೆ ಹೊರಟಾಗ ಅವನ ಅವ್ವ ಚಿಕ್ಕನಂಜಮ್ಮ ಹೊಸ ಖಾಕಿ ಷರಟಿನ ಅಂಚಿಗೆ ಅರಿಶಿನದ ಬೊಟ್ಟಿಟ್ಟಿದ್ದಳು. ಪರೇಡಿನಲ್ಲಿ ಸಾಹೇಬರು ಆ ಕಲೆ ನೋಡಿ ಎಲ್ಲರೆದುರು ಬೈದಿದ್ದರು. ಬೈಸಿಕೊಂಡು ಬಂದವನು ಅವ್ವನಿಗೆ ಆ ಮಾತು ಹೇಳಲೇ ಇಲ್ಲ.

* * *

ಪಂಕಜಮ್ಮನ ಮನೆ ಮಳವಳ್ಳಿಯಲ್ಲೇ, ದೇವಸ್ಥಾನದ ಹಿಂದಿನ ಬೀದಿಯಲ್ಲಿತ್ತು. ಗಂಡ ರಾಮಾನುಜ ಮೇಷ್ಟ್ರು ಶಾಲೆಗೆ ಹೋಗಿದ್ದರು. ಪಂಕಜಮ್ಮ ಮಗುವನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತಾ ನಡುಮನೆಯಲ್ಲಿ ಓಡಾಡುತ್ತಿದ್ದರು.

“ಬನ್ನಿ. ಅವನಿಗೆ ಯಾವತ್ತು ಶಿಕ್ಷೆ?”

ಕೂರಿ ಅನ್ನುವುದಕ್ಕೆ ಮೊದಲು ಈ ಪ್ರಶ್ನೆ. ದೇವಯ್ಯ ಬೆಂಚಿನ ತುದಿಯಲ್ಲಿ ಕೂತ.

“ಅಮ್ಮಾವ್ರೇ, ಆ ದಾರ ನಿಮ್ಮನೆಗೆ ಹೇಗೆ ಬಂತು?”

“ಎಷ್ಟು ಸಲ ಹೇಳ್ಬೇಕು? ಸೀಮಂತ ಮುಗಿಸ್ಕೊಂಡು ಬಾಣಂತನಕ್ಕೆ ಅಂತ ಕರ್ಕೊಂಡು ಬಂದಾಗ ಅವಳೇ ಟ್ರಂಕಲ್ಲಿ ಇಟ್ಕೊಂಡು ಬಂದ್ಲು. ಹೊಟ್ಟೆ ಕೊಯ್ಯೋ ಹಾಗಾದ್ರೆ ಇದರಲ್ಲೇ ಹೊಲೀಬೇಕು ಅಂತ. ಡಾಕ್ಟ್ರು ಇಟ್ಕೊಳ್ಳೋದು ಕುರಿ ಕರುಳಿನ ದಾರವಂತೆ. ಅದು ನನ್ನ ಮೈಯೊಳಗೆ ಬೇಡಮ್ಮ, ಇವರ ಕಬ್ಬಿನ ದಾರಾನೇ ಸಾಕು ಅಂದ್ಲು. ಪರೀಕ್ಷೆ ಮಾಡಿದ ಮೊಲಕ್ಕೆಲ್ಲ ನಾನೇ ಹುಲ್ಲು ಹಾಕಿದೀನಿ, ಒಂದೂ ಸತ್ತಿಲ್ಲ ಅಂದ್ಲು.” ಪಂಕಜಮ್ಮನ ಧ್ವನಿ ಸ್ವಲ್ಪ ಒಡೆಯಿತು. ಆದರೆ ಅವರು ಅಳುವ ಪೈಕಿಯಲ್ಲ, ಸಿಟ್ಟು ಮಾಡುವ ಪೈಕಿ. “ಮೊಲ ಸಾಯಲಿಲ್ಲ. ನನ್ನ ಮಗಳು ಸತ್ಲು.”

“ಇಲ್ಲಿ ಎಲ್ಲಿಟ್ಟಿದ್ರಿ?”

“ದೇವರ ಮನೇಲಿ.”

“ಹಾಗೇ ಇಟ್ಟಿದ್ರಾ?”

“ಹಾಗೇ ಹೇಗ್ರೀ ಇಡೋಕಾಗುತ್ತೆ?” ಪಂಕಜಮ್ಮ ಓಡಾಡುವುದನ್ನು ನಿಲ್ಲಿಸಿ ಅವನನ್ನೇ ನೋಡಿದರು. ಇಷ್ಟು ದೊಡ್ಡ ಗಂಡಸಿಗೆ ಇಷ್ಟೂ ಗೊತ್ತಿಲ್ಲವೇ ಅನ್ನುವ ನೋಟ. “ಹೊಸ ಸೀರೆ ಉಡೋಕೆ ಮುಂಚೆ ಮೂಲೆಗೆ ಅರಿಶಿನ ಹಚ್ಚಲ್ವಾ? ಕಂಕಣದ ದಾರ ಬಿಳೀದು ಕಟ್ತೀವಾ? ತಾಳಿ ದಾರ ಬಿಳೀದು ಹಾಕ್ತೀವಾ? ಯಾರ್ಯಾರೋ ಮುಟ್ಟಿದ ಬೋಳು ಬಿಳಿ ದಾರ, ಬಸುರಿ ಹುಡುಗಿ ಮೈಯೊಳಗೆ ಹೋಗೋದು. ನೀವಾದ್ರೆ ಸುಮ್ಮನಿರ್ತಿದ್ರಾ?”

“ಏನ್ಮಾಡಿದ್ರಿ?”

“ಆಷಾಢದಲ್ಲಿ ಒಂದು ಶುಕ್ರವಾರ ತಲೆಗೆ ನೀರು ಹಾಕ್ಕೊಂಡು, ಮಡೀಲಿ ಅರಗು ಬಿಡಿಸಿ, ಕೊಂಬು ತೇಯ್ದ ಅರಿಶಿನದ ನೀರಲ್ಲಿ ಅದ್ದಿದೆ. ಹೊರಗಡೆ ಸೋನೆ ಹಿಡಿದಿತ್ತು, ಬಿಸಿಲಿಲ್ಲ. ಒಲೆ ಮೇಲಿನ ಗಳಕ್ಕೆ ಹಾಕಿ ಒಣಗಿಸ್ದೆ. ಆಮೇಲೆ ಹಾಗೇ ಸುತ್ತಿ ಕೊಳವೆಗೆ ಹಾಕಿ, ಮೇಣದಬತ್ತಿ ಹಚ್ಚಿ ಬಾಯಿ ಮುಚ್ಚಿದೆ.”

“ಮಗಳಿಗೆ ಹೇಳಿದ್ರಾ?”

“ಮಲಗಿದ್ಲು. ಹೇಳಲಿಲ್ಲ. ಹೇಳಿದ್ರೆ ನಗ್ತಿದ್ಲು, ನಮ್ಮಮ್ಮ ಇಂಜಕ್ಷನ್ ಸೂಜಿಗೂ ಕುಂಕುಮ ಇಡ್ತಾಳೆ ಅಂತ. ನಮ್ಮನೆಯವರಿಗೂ ಹೇಳಲಿಲ್ಲ. ಯಾರಿಗೂ ಹೇಳಲಿಲ್ಲ. ಇಂಥದ್ದನ್ನೆಲ್ಲ ಹೇಳ್ಕೊಂಡು ಮಾಡ್ತಾರೆಯೇ?” ಮಗು ಕುಂಯ್‌ಗುಟ್ಟಿತು. ಅವರು ಮತ್ತೆ ಓಡಾಡತೊಡಗಿದರು. “ಅವನು ಮಾಡಿದ ದಾರಕ್ಕೆ ನಾನು ಕೈಲಾದ ರಕ್ಷೆ ಮಾಡ್ದೆ ಕಣ್ರೀ. ನನ್ನ ಅರಿಶಿನಕ್ಕೂ ಅದು ಬಗ್ಗಲಿಲ್ಲ. ಅಂಥಾ ಪಾಪಿ ದಾರ ಅದು.”

ಇದನ್ನು ಕೇಳಿಕೊಂಡು ಕೂತಿರುವುದು ದೇವಯ್ಯನಿಗೆ ಕಷ್ಟವಾಯಿತು. ಕಳ್ಳರನ್ನು, ಕೊಲೆಗಡುಕರನ್ನು ಬಾಯಿ ಬಿಡಿಸಿದ ಮನುಷ್ಯ. ಬಾಯಿ ಬಿಡಿಸುವುದಕ್ಕೆ ಇಷ್ಟು ಕಡಿಮೆ ಕೆಲಸ ಎಂದೂ ಹಿಡಿದಿರಲಿಲ್ಲ, ಬಿಟ್ಟ ಬಾಯಿಯಿಂದ ಬಂದ ಮಾತು ಬೇಡವೆಂದು ಎಂದೂ ಅನಿಸಿರಲಿಲ್ಲ.

“ಆ ಗಳ ಒಂಚೂರು ತೋರಿಸ್ತೀರಾ?”

ಅಡುಗೆಮನೆಯ ಒಲೆಯ ಮೇಲೆ, ತಲೆಗಿಂತ ಎತ್ತರದಲ್ಲಿ, ಹೊಗೆ ಹಿಡಿದು ಕಪ್ಪಾದ ಬಿದಿರಿನ ಗಳ ತೂಗುತ್ತಿತ್ತು. ಅದರ ಸಿಬಿರಿಗೆ ಸಿಕ್ಕಿಕೊಂಡು ಬೆರಳುದ್ದದ ಒಂದು ಹಳದಿ ಎಳೆ ಉಳಿದುಕೊಂಡಿತ್ತು. ದೇವಯ್ಯ ಅದನ್ನು ಬಿಡಿಸಿಕೊಂಡ. ಡಬ್ಬಿ ತೆಗೆದು ಸುಣ್ಣ ತಾಗಿಸಿದ. ಹಾಗೆ ಮಾಡಬೇಕಾಗಿರಲಿಲ್ಲ, ತಿಳಿಯಬೇಕಾದ್ದು ತಿಳಿದಾಗಿತ್ತು. ಆದರೆ ಸಾಕ್ಷಿ ಕಂಡರೆ ಪೊಲೀಸಿನವನ ಕೈ ಸುಮ್ಮನಿರುವುದಿಲ್ಲ, ಹಾಳು ಕೈ.

ಎಳೆ ಕೆಂಪಾಗಿ ಅವನ ಬೆರಳಿನಲ್ಲೇ ಎರಡಾಯಿತು. ತಲೆ ಎತ್ತಿದರೆ ಪಂಕಜಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಅವರು ಕಾಫಿ ಕುಡಿದು ಹೋಗಿ ಅಂದರು. ಅವನು ಬೇಡವೆಂದು ಹೊರಟುಬಿಟ್ಟ.

* * *

ಜೀಪು ಮದ್ದೂರಿನ ದಾರಿ ಹಿಡಿಯಿತು. ಎರಡೂ ಕಡೆ ಆಳೆತ್ತರದ ಕಬ್ಬು. ಡ್ರೈವರ್ ಮರಿಸಿದ್ದಯ್ಯನಿಗೆ ಮಾತಿಲ್ಲದ ಪ್ರಯಾಣ ಮೈಗೆ ಹಿಡಿಸುವುದಿಲ್ಲ.

“ಯಾಕ್ ಸಾ, ಎಲೆ ಹಾಕ್ನೇ ಇಲ್ಲ ಇವತ್ತು?”

“ಸುಣ್ಣ ಮುಗ್ದೋಯ್ತು ಕಣ್ಲಾ.”

“ಡಬ್ಬಿ ತುಂಬಾ ಐತಲ್ಲ ಸಾ, ಬೆಳಗ್ಗೆ ನಾನೇ ತುಂಬ್ಸಿವ್ನಿ.”

“ಸುಮ್ಕೆ ಗಾಡಿ ಓಡ್ಸಲಾ.”

ಸ್ವಲ್ಪ ದೂರ ಹೋದ ಮೇಲೆ ಮರಿಸಿದ್ದಯ್ಯ ತಡೆಯಲಾರದೆ ಮತ್ತೆ ಬಾಯಿ ತೆರೆದ. “ಆ ಅಯ್ಯಂಗಾರ್ರ ಹುಡ್ಗನ್ನ ನೇಣಿಗಾಕ್ತಾರಾ ಸಾ? ಸ್ಟೇಸನ್ನಲ್ಲಿ ಊಟಾನೇ ಮಾಡಾಕಿಲ್ಲ ಅಂತಾನೆ. ನೋಡುದ್ರೆ ಹೊಟ್ಟೆ ಉರೀತದೆ.”

“ನಾಳೆ ಗೊತ್ತಾಯ್ತದೆ ಬುಡು.”

ನಾಳೆ ಗೊತ್ತಾಗುವುದು ದೇವಯ್ಯ ಬರೆಯುವ ನಾಲ್ಕು ಸಾಲಿನಿಂದ. ಕಂಡದ್ದನ್ನು ಕಂಡಂತೆ ಬರೆದರೆ ಸಂಪತ್ ಕುಮಾರ ಮನೆಗೆ ಹೋಗುತ್ತಾನೆ. ಆದರೆ ತುಂಬಿದ ಕೋರ್ಟಿನಲ್ಲಿ ಯಾರಾದರೂ ಎದ್ದು ನಿಂತು ಪಂಕಜಮ್ಮನಿಗೆ ಹೇಳಬೇಕಾಗುತ್ತದೆ, ಅಮ್ಮಾ, ದಾರ ಕೊಳೆತದ್ದು ನಿನ್ನ ಕೈಯ ನೀರಿನಿಂದ, ನಿನ್ನ ಒಲೆಯ ಬಿಸಿಯಿಂದ ಎಂದು. ಬರೆಯದಿದ್ದರೆ ಏನೂ ಮಾಡದವನ ಮೇಲೆ ಕೊಲೆ ಕೇಸು ನಿಲ್ಲುತ್ತದೆ. ನೌಕರಿಗೆ ಸೇರಿದ ಮೇಲೆ ಮೊದಲ ಸಲ ದೇವಯ್ಯನಿಗೆ ಸತ್ಯ ಸಿಕ್ಕಿದ್ದಕ್ಕೆ ಅಳು ಬಂತು. ಮುಖವನ್ನು ಕಬ್ಬಿನ ಗದ್ದೆಯ ಕಡೆ ತಿರುಗಿಸಿಕೊಂಡ.

* * *

ಸಂಪತ್ ಕುಮಾರ ಲಾಕಪ್ಪಿನ ಗೋಡೆಗೆ ಒರಗಿ ಕೂತಿದ್ದ. ಗಡ್ಡ ಬೆಳೆದಿತ್ತು. ಊಟದ ತಟ್ಟೆ ತಂದಿಟ್ಟ ಹಾಗೇ ಇತ್ತು.

“ಕೊಳವೆ ಅರಗು ಒಡೆದೋರು ನೀವೇ ತಾನೆ?” ದೇವಯ್ಯ ಕಂಬಿಯಾಚೆ ಸ್ಟೂಲು ಎಳೆದುಕೊಂಡು ಕೂತ.

“ನಾನೇ.”

“ಮತ್ತೆ ಮುಚ್ಚಿದ್ದು ಯಾತರಲ್ಲಿ?”

“ಮೇಣದಲ್ಲಿ.”

“ನಿಮ್ಮ ಶೆಡ್ಡಲ್ಲಿ ಅರಗಿನ ಡಬ್ಬ ಇದೆ, ಸ್ಪಿರಿಟ್ ದೀಪ ಇದೆ. ಮೇಣದಬತ್ತಿ ಒಂದೂ ಇಲ್ಲ. ನಾನು ಹುಡುಕಿದೀನಿ.”

ದೇವಯ್ಯ ಕಾಗದದ ಮಡಿಕೆ ಬಿಚ್ಚಿ ಕೆಂಪು ಎಳೆಯನ್ನು ಕಂಬಿಯ ಒಳಗೆ ಹಿಡಿದ. ಅದನ್ನು ನೋಡಿ ಆ ಹುಡುಗ ಬೆಚ್ಚಲಿಲ್ಲ, ಇದೇನೆಂದು ಕೇಳಲೂ ಇಲ್ಲ. ಕಣ್ಣು ಮುಚ್ಚಿಕೊಂಡ. ಅಷ್ಟು ಸಾಕಾಯಿತು.

“ನಿಮಗೆ ಮೊದಲೇ ಗೊತ್ತಿತ್ತು,” ದೇವಯ್ಯ ಅಂದ.

“ಹೊಲಿಗೆ ಬಿಟ್ಕೊಂಡು ಎರಡನೇ ಸಲ ಅವಳ ಹೊಟ್ಟೆ ಬಿಚ್ಚಿದಾಗ ನಾನು ಬಾಗಿಲಲ್ಲಿದ್ದೆ. ತಟ್ಟೆಯಲ್ಲಿ ಮಿಕ್ಕ ದಾರ ಇತ್ತು, ಹಳದಿ. ನನ್ನ ದಾರ ಬಿಳಿ ದೇವಯ್ಯನೋರೇ, ಹಾಲಿನಷ್ಟು ಬಿಳಿ. ಹತ್ತಿರ ಹೋಗಿ ಮೂಸಿ ನೋಡ್ದೆ. ಅರಿಶಿನ.” ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. “ಹೊರಗೆ ಬಂದ್ರೆ ಅತ್ತೆ ಮಗೂನ ತೊಡೆ ಮೇಲೆ ಹಾಕ್ಕೊಂಡು ಬೆಂಚಲ್ಲಿ ಕೂತಿದ್ರು. ನನ್ನ ಮುಖ ನೋಡಿ, ಅವಳಿಗೆ ಏನೂ ಆಗಲ್ಲ, ನಾನು ರಕ್ಷೆ ಇಟ್ಟಿದೀನಿ ಅಂದ್ರು. ಏನು ರಕ್ಷೆ ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳೋಕೆ ಏನು ಉಳಿದಿತ್ತು?”

“ಅದಕ್ಕೇ ತಪ್ಪು ಮೈಮೇಲೆ ಎಳ್ಕೊಂಡ್ರಾ?”

“ತಪ್ಪು ನಂದೇ ತಾನೆ. ಮೊಲದಲ್ಲಿ ಪರೀಕ್ಷೆ ಮಾಡ್ದೆ. ನಿಮ್ಮ ದುದ್ದದ ಕಡೆಯಿಂದಲೇ ಕುರಿ ತರಿಸಿ ಮಾಡ್ದೆ. ಕೀವಾಗುತ್ತಾ, ಗಂಟು ಜಾರುತ್ತಾ, ಎಷ್ಟು ಕಾಲಕ್ಕೆ ಕರಗುತ್ತೆ, ಎಲ್ಲ ನೋಡ್ದೆ. ಮೊಲಕ್ಕೆ ತವರುಮನೆ ಇರಲ್ಲ ದೇವಯ್ಯನೋರೇ. ಕುರಿಗೆ ಸೀಮಂತ ಮಾಡಿ ಕರ್ಕೊಂಡು ಹೋಗೋ ತಾಯಿ ಇರಲ್ಲ. ಅದೊಂದನ್ನ ನಾನು ಯೋಚನೆ ಮಾಡಲಿಲ್ಲ. ನೀರು ತಾಗಿಸಬೇಡಿ ಅಂತ ಡಾಕ್ಟರಿಗೆ ಹೇಳ್ದೆ. ಮನೇಲಿ ಹೆಂಗಸರಿಗೆ ಇದೆಲ್ಲ ಯಾಕೆ ಅಂತ ಬಿಟ್ಟೆ.”

ದೇವಯ್ಯನಿಗೆ ಅವನ ಮೇಲೆ ಸಿಟ್ಟು ಬಂತು. “ಏನೂ ಮಾಡದೆ ಜೈಲಿಗೆ ಹೋಗ್ತೀನಿ ಅಂತೀರಲ್ಲ, ನಿಮ್ಮ ಮಗೂನ ಯೋಚನೆ ಮಾಡಿದೀರಾ?”

“ಅದನ್ನೇ ಮಾಡಿದೀನಿ. ನನಗೆ ತಾಯಿ ಇಲ್ಲ. ಆ ಮಗು ಬೆಳೀಬೇಕಾದ್ದು ಅತ್ತೆ ಕೈಯಲ್ಲಿ. ಅವರು ಈಗ ಬದುಕಿರೋದೇ ನನ್ನ ಮೇಲಿನ ಸಿಟ್ಟಿನಿಂದ. ಅದನ್ನೂ ಕಿತ್ಕೊಂಡು, ಮಗಳನ್ನ ಕೊಂದೋಳು ನೀನೇ ಅಂತ ಹೇಳಿದ್ರೆ, ಅವರ ಹತ್ತಿರ ಏನು ಉಳಿಯುತ್ತೆ?” ಅವನು ಕಂಬಿ ಹಿಡಿದುಕೊಂಡ. “ಬರೀಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ.”

ದೇವಯ್ಯ ಕೆಂಪು ಎಳೆಯನ್ನು ಮತ್ತೆ ಕಾಗದದಲ್ಲಿ ಮಡಿಸಿದ. ಹೊರಗೆ ರಸ್ತೆಯಲ್ಲಿ ಮಳವಳ್ಳಿ ಬಸ್ಸು ನಿಂತು ಹೊರಟ ಸದ್ದಾಯಿತು.

“ಸಾ,” ಮರಿಸಿದ್ದಯ್ಯ ಬಾಗಿಲಲ್ಲಿ ನಿಂತಿದ್ದ. ಅವನ ಹಿಂದೆ ಪಂಕಜಮ್ಮ.

ಮಗು ಅವರ ಎಡಗೈಯಲ್ಲಿತ್ತು. ಬಸ್ಸಿನ ಧೂಳು ಮುಖದ ಮೇಲೇ ಇತ್ತು. ಅವರು ಬಲಗೈಯನ್ನು ದೇವಯ್ಯನ ಮುಂದೆ ಚಾಚಿದರು. ಅಂಗೈ ಪೂರಾ ಕೆಂಪು.

“ನೀವು ಹೋದ ಮೇಲೆ ನಾನೂ ಅರಿಶಿನಕ್ಕೆ ಸುಣ್ಣ ಹಚ್ಚಿ ನೋಡ್ದೆ. ಕೆಂಪಾಯ್ತು. ಕೆಂಪಾಗೋದು ಹುಟ್ಟಿದಾಗಿನಿಂದ ಗೊತ್ತು ನನಗೆ. ಅದನ್ನ ನೋಡಿ ನಿಮ್ಮ ಮುಖ ಯಾಕೆ ಹಾಗಾಯ್ತು ಅನ್ನೋದು ಗೊತ್ತಾಗಲಿಲ್ಲ. ಡಾಕ್ಟ್ರನ್ನ ಕೇಳ್ದೆ. ಇನ್‌ಸ್ಪೆಕ್ಟರನ್ನೇ ಕೇಳಿ ಅಂದ್ಬಿಟ್ಟು ಒಳಗೆ ಹೋದ್ರು. ಅದಕ್ಕೇ ಕೇಳೋಕೆ ಬಂದೆ.”

ದೇವಯ್ಯ ಬಾಯಿ ತೆರೆಯುವ ಮೊದಲೇ ಕಂಬಿಯ ಹಿಂದಿನಿಂದ ಸಂಪತ್ ಕುಮಾರ ಮಾತಾಡಿದ. ಆತುರದಲ್ಲಿ, ಒಂದೇ ಉಸಿರಿಗೆ.

“ಅತ್ತೆ, ಅದು ಸುಮ್ಮನೆ ಪೊಲೀಸರ ಪರೀಕ್ಷೆ. ದಾರ ಕೆಡಿಸಿದವನು ನಾನೇ, ಒಪ್ಪಿಕೊಂಡಿದೀನಿ. ನೀವು ಅರಿಶಿನ ಹಚ್ಚಿದ್ದಕ್ಕೂ ಅದಕ್ಕೂ ಏನೂ ಸಂಬಂಧ ಇಲ್ಲ.”



ಪಂಕಜಮ್ಮ ನಿಧಾನವಾಗಿ ಅಳಿಯನ ಕಡೆ ತಿರುಗಿದರು. ಮಗಳು ಸತ್ತ ದಿನದಿಂದ ಅವನು, ಇವನು ಎನ್ನುತ್ತಿದ್ದ ಬಾಯಿಗೆ ಹಳೆಯ ಮರ್ಯಾದೆ ತಾನಾಗಿ ಬಂತು.

“ನಾನು ಅರಿಶಿನ ಹಚ್ಚಿದ್ದು ನಿಮಗೆ ಹೇಗೆ ಗೊತ್ತು?”

ಸಂಪತ್ ಕುಮಾರ ತುಟಿ ಕಚ್ಚಿಕೊಂಡ. ಪಂಕಜಮ್ಮ ಅವನನ್ನು ಎಷ್ಟೋ ಹೊತ್ತು ನೋಡಿದರು, ಗಡ್ಡವನ್ನು, ಮುಟ್ಟದ ತಟ್ಟೆಯನ್ನು, ಕಂಬಿ ಹಿಡಿದ ಕೈಯನ್ನು. ನೋಡುತ್ತಾ ನೋಡುತ್ತಾ ಅವರ ಮುಖದಿಂದ ಸಿಟ್ಟು ಇಳಿದುಹೋಯಿತು. ಅದರ ಹಿಂದೆ ಬಂದದ್ದನ್ನು ನೋಡಲಾರದೆ ಮರಿಸಿದ್ದಯ್ಯ ನೆಲ ನೋಡಿದ.

ಅವರು ಬಂದು ಮಗುವನ್ನು ದೇವಯ್ಯನ ತೋಳಿಗೆ ಹಾಕಿದರು.

“ಇವರು ನನಗೆ ಸುಳ್ಳು ಹೇಳ್ತಿದಾರೆ. ನೀವು ಹೇಳಬೇಡಿ. ತಾಯಿ ಇಲ್ಲದ ಈ ಕೂಸನ್ನ ಹಿಡ್ಕೊಂಡು ಹೇಳಿ, ನನ್ನ ರಂಗನಾಯಕೀನ ಕೊಂದಿದ್ದು ಯಾವ ಕೈ?”

ಮಗು ದೇವಯ್ಯನ ಸುಣ್ಣ ಮೆತ್ತಿದ ಕಿರುಬೆರಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿತು. ಕಂಬಿಯ ಹಿಂದೆ ಸಂಪತ್ ಕುಮಾರ ಬೇಡ, ಬೇಡ ಎಂದು ತಲೆಯಾಡಿಸುತ್ತಿದ್ದ. ಕೆಂಪು ಅಂಗೈ ಇನ್ನೂ ಚಾಚಿಕೊಂಡೇ ಇತ್ತು.

ದೇವಯ್ಯ ಬಾಯಿ ತೆರೆದ.